ಗಾಳಿಗೂ ಬೇಕು ತಂಪು: ಟರ್ಬೊ ಎಂಜಿನ್ನಿನ ಇಂಟರ್‌ಕೂಲರ್, ಅದರ ಜೋಡಣೆ ಮತ್ತು ಆರೈಕೆ



ಉಡುಪಿ ಜಿಲ್ಲೆಯ ಕುಂದಾಪುರದಿಂದ ಬೈಂದೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ತ್ರಾಸಿ ಎಂಬ ಊರು ಸಿಗುತ್ತದೆ. ಅಲ್ಲಿಂದ ಮುಂದೆ ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಪ್ರವಾಸಿಗರು ಅಲ್ಲಿ ನಿಂತು ನೋಡುವುದು ನೀರನ್ನು. ನಾವು ಇಂದು ಅಲ್ಲಿಯ ಎಂಜಿನ್ನುಗಳನ್ನು ನೋಡೋಣ. ಒಂದು ಕಾಲಕ್ಕೆ 17 ಎಂಬ ಸಂಖ್ಯೆಯಿದ್ದು ಈಗ 66 ಎಂದಾಗಿರುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಗಲೂ ರಾತ್ರಿ ಲಾರಿ, ಬಸ್ಸುಗಳು ಓಡುತ್ತವೆ. ತ್ರಾಸಿಯಲ್ಲಿ ಕವಲೊಡೆಯುವ ದಾರಿ ಗಂಗೊಳ್ಳಿಗೆ ಹೋಗುತ್ತದೆ. ಅಲ್ಲಿ ಮೀನುಗಾರಿಕೆಯ ಬೋಟುಗಳು ಸಾಲಾಗಿ ನಿಂತಿರುತ್ತವೆ. ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ಕೊಂಕಣ ರೈಲ್ವೆಯ ಹಳಿ. ಹೀಗೆ ಒಂದೇ ಊರಿನ ಆಸುಪಾಸಿನಲ್ಲಿ ರಸ್ತೆ, ಕಡಲು ಮತ್ತು ರೈಲು, ಈ ಮೂರೂ ದಾರಿಗಳಿವೆ.

ಈ ಮೂರು ದಾರಿಗಳಲ್ಲೂ ದುಡಿದ, ದುಡಿಯುತ್ತಿರುವ ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ ಒಂದು ಭಾಗ ಸಾಮಾನ್ಯವಾಗಿದೆ. ಅದರ ಪೂರ್ಣ ಹೆಸರು ಚಾರ್ಜ್ ಏರ್ ಕೂಲರ್. ಗ್ಯಾರೇಜಿನವರು ಇಂಟರ್‌ಕೂಲರ್ ಎನ್ನುತ್ತಾರೆ. ರೈಲ್ವೆಯವರು ಆಫ್ಟರ್‌ಕೂಲರ್ ಎನ್ನುತ್ತಾರೆ. ಹೆಸರು ಯಾವುದಾದರೂ ಕೆಲಸ ಒಂದೇ: ಎಂಜಿನ್ನಿನ ಒಳಗೆ ಹೋಗುವ ಗಾಳಿಯನ್ನು ತಣಿಸುವುದು. ಗಾಳಿಯನ್ನು ತಣಿಸಿದರೆ ಎಂಜಿನ್ನಿನ ಬಲ ಏಕೆ ಹೆಚ್ಚಬೇಕು? ಈ ಉಪಕರಣವನ್ನು ಹೇಗೆ ಜೋಡಿಸಬೇಕು? ಕರಾವಳಿಯಂಥ ಉಪ್ಪುಗಾಳಿಯ ಪ್ರದೇಶದಲ್ಲಿ ಅದನ್ನು ಹೇಗೆ ಕಾಪಾಡಬೇಕು? ಈ ಪ್ರಶ್ನೆಗಳಿಗೆ ಉತ್ತರ ಹುಡುಕೋಣ.

ಎಂಜಿನ್ನಿನ ಉಸಿರು

ಎಂಜಿನ್ ಡೀಸೆಲ್ ಕುಡಿದು ಓಡುತ್ತದೆ ಎಂದು ನಾವು ಹೇಳುತ್ತೇವೆ. ಇದು ಅರ್ಧ ಸತ್ಯ. ಒಂದು ಕಿಲೊಗ್ರಾಂ ಡೀಸೆಲ್ ಪೂರ್ತಿ ಉರಿಯಬೇಕಾದರೆ ಸುಮಾರು ಹದಿನಾಲ್ಕೂವರೆ ಕಿಲೊಗ್ರಾಂ ಗಾಳಿ ಬೇಕು. ಒಂದು ಲೀಟರ್ ಡೀಸೆಲ್ಲಿನ ತೂಕ ಸುಮಾರು 0.83 ಕಿಲೊಗ್ರಾಂ. ಅಂದರೆ ಲೀಟರಿಗೆ ಹನ್ನೆರಡು ಕಿಲೊ ಗಾಳಿ. ನಮ್ಮ ಕರಾವಳಿಯ ಸೆಕೆಯಲ್ಲಿ, 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಒಂದು ಘನ ಮೀಟರ್ ಗಾಳಿ ತೂಗುವುದು ಹೆಚ್ಚು ಕಡಿಮೆ 1.16 ಕಿಲೊಗ್ರಾಂ. ಆದ್ದರಿಂದ ಒಂದು ಲೀಟರ್ ಡೀಸೆಲ್ ಉರಿಯಲು ಹತ್ತು ಘನ ಮೀಟರಿಗೂ ಮೀರಿ ಗಾಳಿ ಬೇಕಾಯಿತು. ವಾಸ್ತವದಲ್ಲಿ ಡೀಸೆಲ್ ಎಂಜಿನ್ನಿಗೆ ಇದಕ್ಕಿಂತಲೂ ಹೆಚ್ಚು ಗಾಳಿಯನ್ನು ಒದಗಿಸುತ್ತಾರೆ; ಇಲ್ಲವಾದರೆ ಕಪ್ಪು ಹೊಗೆ ಬರುತ್ತದೆ.

ಡೀಸೆಲ್ಲನ್ನು ಹೆಚ್ಚು ಸುರಿಯುವುದು ಸುಲಭ. ಗಾಳಿಯನ್ನು ಹೆಚ್ಚು ತುಂಬುವುದು ಕಷ್ಟ. ಸಿಲಿಂಡರಿನ ಗಾತ್ರ ನಿಗದಿಯಾಗಿದೆ. ಆ ಗಾತ್ರದಲ್ಲಿ ಹಿಡಿಯುವಷ್ಟು ಗಾಳಿಯೇ ಎಂಜಿನ್ನಿನ ಬಲದ ಮಿತಿ. ಈ ಮಿತಿಯನ್ನು ದಾಟುವ ಉಪಾಯವನ್ನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಯೋಚಿಸಿದನು. ಡೀಸೆಲ್ಲಿನ ಶಕ್ತಿಯಲ್ಲಿ ಹೆಚ್ಚು ಕಡಿಮೆ ಮೂರನೆಯ ಒಂದು ಪಾಲು ಬಿಸಿ ಹೊಗೆಯ ರೂಪದಲ್ಲಿ ಹೊರಗೆ ಹೋಗಿಬಿಡುತ್ತದೆ. ಆ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಕಂಬಿಯ ಇನ್ನೊಂದು ತುದಿಯಲ್ಲಿರುವ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬಿದರೆ ಹೇಗೆ? ಇದೇ ಟರ್ಬೊಚಾರ್ಜರಿನ ತತ್ತ್ವ. ಬ್ಯೂಕಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಆದರೆ ಕಾರ್ಯರೂಪಕ್ಕೆ ಬರಲು ಇಪ್ಪತ್ತು ವರ್ಷ ಬೇಕಾಯಿತು. 1920ರ ದಶಕದ ಮಧ್ಯಭಾಗದಲ್ಲಿ ಜರ್ಮನಿಯ ಎರಡು ಪ್ರಯಾಣಿಕ ಹಡಗುಗಳಿಗೆ ಈ ವ್ಯವಸ್ಥೆಯನ್ನು ಅಳವಡಿಸಿದಾಗ, 1750 ಅಶ್ವಶಕ್ತಿಯ ಎಂಜಿನ್ನುಗಳು 2500 ಅಶ್ವಶಕ್ತಿ ಕೊಟ್ಟವು. ಟರ್ಬೊ ಮೊದಲು ಗೆದ್ದದ್ದು ನೀರಿನ ಮೇಲೆ ಎಂಬುದನ್ನು ಕರಾವಳಿಯವರು ನೆನಪಿಡಬಹುದು.

ಒತ್ತಿದರೆ ಬಿಸಿ, ಬಿಸಿಯಾದರೆ ಹಗುರ

ಇಲ್ಲಿ ಒಂದು ತೊಡಕು ಬಂತು. ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಅದು ಗೊತ್ತು. ಹತ್ತಿಪ್ಪತ್ತು ಸಲ ಪಂಪು ಒತ್ತಿದ ಮೇಲೆ ಅದರ ಬುಡವನ್ನು ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ತಿಕ್ಕಾಟದಿಂದ ಮಾತ್ರ ಅಲ್ಲ, ಗಾಳಿಯನ್ನು ಒತ್ತಿದಾಗ ನಾವು ಮಾಡಿದ ಕೆಲಸವೇ ಅದರಲ್ಲಿ ಶಾಖವಾಗಿ ಸೇರಿಕೊಳ್ಳುತ್ತದೆ. ಟರ್ಬೊಚಾರ್ಜರಿನಲ್ಲಿಯೂ ಹೀಗೆಯೇ. ಬಿಸಿಯಾದ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ಹಗುರ. ಹೆಚ್ಚು ಗಾಳಿ ತುಂಬಲೆಂದು ಒತ್ತಿದರೆ, ಒತ್ತಿದ ಲಾಭದ ಒಂದು ಪಾಲನ್ನು ಶಾಖ ತಿಂದುಹಾಕುತ್ತದೆ.

ಒಂದು ಲೆಕ್ಕ ಮಾಡೋಣ. ಪದವಿಪೂರ್ವ ತರಗತಿಯವರಿಗೆ ಇದು ಪರಿಚಿತ. ಗಾಳಿಯ ಸಾಂದ್ರತೆ ಒತ್ತಡಕ್ಕೆ ನೇರ ಅನುಪಾತದಲ್ಲೂ ಕೆಲ್ವಿನ್ ಮಾನದ ಉಷ್ಣತೆಗೆ ವಿಲೋಮ ಅನುಪಾತದಲ್ಲೂ ಇರುತ್ತದೆ. ಹೊರಗಿನ ಗಾಳಿ 30 ಡಿಗ್ರಿ, ಅಂದರೆ 303 ಕೆಲ್ವಿನ್. ಟರ್ಬೊ ಅದನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸಿತು ಎನ್ನಿ. ಸಾಧಾರಣ ದಕ್ಷತೆಯ ಟರ್ಬೊದಲ್ಲಿ ಗಾಳಿಯ ಉಷ್ಣತೆ ಸುಮಾರು 125 ಡಿಗ್ರಿಗೆ, ಅಂದರೆ 398 ಕೆಲ್ವಿನ್ನಿಗೆ ಏರುತ್ತದೆ. ಎರಡನ್ನು 303ರಿಂದ ಗುಣಿಸಿ 398ರಿಂದ ಭಾಗಿಸಿ. ಉತ್ತರ 1.52. ಒತ್ತಡ ಎರಡರಷ್ಟಾದರೂ ಗಾಳಿ ದೊರೆತದ್ದು ಒಂದೂವರೆಯಷ್ಟು ಮಾತ್ರ. ಈಗ ಅದೇ ಗಾಳಿಯನ್ನು 50 ಡಿಗ್ರಿಗೆ, ಅಂದರೆ 323 ಕೆಲ್ವಿನ್ನಿಗೆ ತಣಿಸಿದರೆ? ಉತ್ತರ 1.88 ಆಗುತ್ತದೆ. ಕೂಲರಿನೊಳಗೆ ಹಾದುಹೋಗುವಾಗ ಒತ್ತಡದಲ್ಲಿ ನೂರಕ್ಕೆ ಐದರಷ್ಟು ನಷ್ಟವಾದರೂ 1.78 ಉಳಿಯುತ್ತದೆ. ಒಂದು ತೊಟ್ಟು ಡೀಸೆಲ್ಲನ್ನೂ ಖರ್ಚು ಮಾಡದೆ ಸಿಲಿಂಡರಿಗೆ ನೂರಕ್ಕೆ ಹದಿನೇಳರಷ್ಟು ಹೆಚ್ಚು ಗಾಳಿ ಸಿಕ್ಕಿತು!

ಲಾಭ ಇಷ್ಟೇ ಅಲ್ಲ. ತಂಪಾದ ಗಾಳಿಯಿಂದ ಉರಿಯ ಉಷ್ಣತೆ ತಗ್ಗುತ್ತದೆ. ಪಿಸ್ಟನ್ನು, ವಾಲ್ವುಗಳು ಬಾಳಿಕೆ ಬರುತ್ತವೆ. ವಾಯುಮಾಲಿನ್ಯಕ್ಕೆ ಕಾರಣವಾದ ನೈಟ್ರೊಜನ್ ಆಕ್ಸೈಡುಗಳು ಹುಟ್ಟುವುದು ಕಡಿಮೆಯಾಗುತ್ತದೆ, ಏಕೆಂದರೆ ಅವು ಹೆಚ್ಚು ಉಷ್ಣತೆಯ ಉರಿಯಲ್ಲಿ ಹೆಚ್ಚು ಹುಟ್ಟುತ್ತವೆ. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ಆರರ ನಿಯಮಗಳಂತೆ ತಯಾರಾಗುವ ಭಾರೀ ಲಾರಿ, ಬಸ್ಸುಗಳಲ್ಲಿ ಬಹುತೇಕ ಎಲ್ಲಕ್ಕೂ ಟರ್ಬೊ ಮತ್ತು ಇಂಟರ್‌ಕೂಲರ್ ಇರುವುದು ಇದೇ ಕಾರಣದಿಂದ.

ಮೂರು ದಾರಿ, ಎರಡು ಬಗೆ

ಬಿಸಿ ಚಹಾವನ್ನು ಬೇಗ ಆರಿಸಬೇಕಾದರೆ ಬಸಿಗೆ ಹೊಯ್ಯುತ್ತೇವೆ. ಹರಡಿದಷ್ಟೂ ಬೇಗ ಆರುತ್ತದೆ. ಕೂಲರಿನ ರಚನೆಯ ಹಿಂದಿರುವ ವಿಚಾರವೂ ಇದೇ. ಗಾಳಿಯನ್ನು ಅನೇಕ ತೆಳುವಾದ ಹಾದಿಗಳಲ್ಲಿ ಹಂಚಿ, ಆ ಹಾದಿಗಳ ಗೋಡೆಗೆ ಕಾಗದದಂಥ ಲೋಹದ ರೆಕ್ಕೆಗಳನ್ನು ಅಂಟಿಸಿ, ಶಾಖ ದಾಟುವ ಮೇಲ್ಮೈಯನ್ನು ಹಲವು ಪಟ್ಟು ಹೆಚ್ಚಿಸಿರುತ್ತಾರೆ. ಶಾಖವನ್ನು ಕೊಂಡೊಯ್ಯುವುದು ಯಾರು ಎಂಬುದರ ಮೇಲೆ ಕೂಲರಿನಲ್ಲಿ ಎರಡು ಬಗೆ.

ಮೊದಲನೆಯದು, ಗಾಳಿಯಿಂದ ಗಾಳಿಯನ್ನು ತಣಿಸುವುದು. ಲಾರಿ, ಬಸ್ಸುಗಳಲ್ಲಿ ಇರುವುದು ಇದು. ಮುಂಭಾಗದ ಜಾಲರಿಯ ಹಿಂದೆ, ರೇಡಿಯೇಟರಿನ ಮುಂದೆ ಅಲ್ಯೂಮಿನಿಯಮ್ಮಿನ ಕೂಲರನ್ನು ನಿಲ್ಲಿಸಿರುತ್ತಾರೆ. ಎರಡನೆಯದು, ನೀರಿನಿಂದ ಗಾಳಿಯನ್ನು ತಣಿಸುವುದು. ಬೋಟಿನ ಎಂಜಿನ್ ಹಲಗೆಗಳ ಕೆಳಗೆ ಕೂತಿರುತ್ತದೆ; ಅಲ್ಲಿ ಎದುರುಗಾಳಿ ಎಲ್ಲಿಂದ ಬರಬೇಕು? ಆದರೆ ಸುತ್ತಲೂ ಬೇಕಾದಷ್ಟು ನೀರಿದೆ. ಆದ್ದರಿಂದ ಕಡಲಿನ ನೀರನ್ನೇ ಪಂಪಿನಿಂದ ಎತ್ತಿ ಕೂಲರಿನ ಕೊಳವೆಗಳಲ್ಲಿ ಹರಿಸುತ್ತಾರೆ. ಉಪ್ಪುನೀರಿಗೆ ತಡೆದುಕೊಳ್ಳಬೇಕೆಂದು ಈ ಕೊಳವೆಗಳನ್ನು ಸಾಮಾನ್ಯವಾಗಿ ತಾಮ್ರ ಮತ್ತು ನಿಕ್ಕಲ್ಲಿನ ಮಿಶ್ರಲೋಹದಿಂದ ಮಾಡುತ್ತಾರೆ.

ರೈಲಿನದೂ ನೀರಿನ ಬಗೆಯೇ. ಭಾರತೀಯ ರೈಲ್ವೆಯಲ್ಲಿ ದಶಕಗಳ ಕಾಲ ದುಡಿದ ಡಬ್ಲ್ಯು.ಡಿ.ಎಂ.-2 ಲೋಕೊಮೋಟಿವ್‌ಗಳ ಹದಿನಾರು ಸಿಲಿಂಡರಿನ ಆಲ್ಕೊ ಎಂಜಿನ್ 2600 ಅಶ್ವಶಕ್ತಿಯದು. ಅದರ ಟರ್ಬೊ ಮತ್ತು ಸಿಲಿಂಡರುಗಳ ನಡುವೆ, ಎಂಜಿನ್ನಿನ ತಂಪುನೀರಿನಿಂದಲೇ ಕೆಲಸ ಮಾಡುವ ಆಫ್ಟರ್‌ಕೂಲರ್ ಇತ್ತು. 1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲ್ವೆ, 2022ರಲ್ಲಿ ವಿದ್ಯುದೀಕರಣ ಮುಗಿಯುವವರೆಗೆ ಡೀಸೆಲ್ ಎಂಜಿನ್ನುಗಳನ್ನೇ ನೆಚ್ಚಿಕೊಂಡಿತ್ತು. ಸರಕು ತುಂಬಿದ ಲಾರಿಗಳನ್ನು ಇಡಿಯಾಗಿ ರೈಲಿನ ಮೇಲೆ ಹತ್ತಿಸಿ ಸಾಗಿಸುವ ಸೇವೆಯೂ ಈ ಮಾರ್ಗದಲ್ಲಿದೆ. ಟರ್ಬೊ ಲಾರಿಗಳನ್ನು ಟರ್ಬೊ ರೈಲು ಹೊತ್ತು ಕುಂದಾಪುರವನ್ನು ದಾಟುತ್ತಿದ್ದ ಕಾಲ ಅದು!

ಜೋಡಿಸುವಾಗ ಗಮನಿಸಬೇಕಾದದ್ದು

ಕೂಲರನ್ನು ಕೊಂಡು ತಂದು ಬೋಲ್ಟು ಬಿಗಿದರೆ ಕೆಲಸ ಮುಗಿಯುವುದಿಲ್ಲ. ಅದರ ಫಲ ಜೋಡಣೆಯಲ್ಲಿದೆ.

ಮೊದಲು ಸ್ಥಳ. ಲಾರಿಯಲ್ಲಿ ಕೂಲರಿನ ಅಂಚಿಗೂ ಚೌಕಟ್ಟಿಗೂ ನಡುವೆ ಸಂದು ಉಳಿಯಬಾರದು. ಗಾಳಿ ಸೋಮಾರಿ, ಸುಲಭದ ದಾರಿ ಸಿಕ್ಕರೆ ರೆಕ್ಕೆಗಳ ನಡುವೆ ನುಸುಳದೆ ಪಕ್ಕದಿಂದ ಹೋಗಿಬಿಡುತ್ತದೆ. ಆದ್ದರಿಂದ ರಬ್ಬರಿನ ಪಟ್ಟಿಯಿಂದ ಸಂದುಗಳನ್ನು ಮುಚ್ಚಬೇಕು. ನಮ್ಮ ಲಾರಿಗಳ ಮುಖಕ್ಕೆ ದೊಡ್ಡ ಹೆಸರಿನ ಫಲಕ, ಹೂವಿನ ಹಾರ, ದೃಷ್ಟಿಬೊಂಬೆ, ಸಾಲು ದೀಪ ಎಲ್ಲವನ್ನೂ ಕಟ್ಟುವ ಅಭ್ಯಾಸವಿದೆ. ಭಕ್ತಿಗೂ ಚಂದಕ್ಕೂ ಯಾರ ಅಡ್ಡಿಯೂ ಇಲ್ಲ. ಆದರೆ ಜಾಲರಿಯನ್ನು ಬಿಟ್ಟು ಬೇರೆ ಕಡೆ ಕಟ್ಟಿದರೆ ಎಂಜಿನ್ನಿಗೆ ಉಸಿರುಗಟ್ಟುವುದಿಲ್ಲ. ಬೋಟಿನಲ್ಲಾದರೆ ಕೂಲರಿನ ಕೊಳವೆಗಳ ಕಟ್ಟನ್ನು ಹೊರಗೆಳೆದು ತೊಳೆಯಲು ಸಾಕಷ್ಟು ಜಾಗ ಬಿಟ್ಟು ಜೋಡಿಸಬೇಕು. ಬಿಚ್ಚಲು ಕಷ್ಟವಾದದ್ದನ್ನು ಯಾರೂ ಬಿಚ್ಚುವುದಿಲ್ಲ.

ಎರಡನೆಯದು ಗಾಳಿಯ ಪೈಪು. ಅದು ಎಷ್ಟು ಗಿಡ್ಡವೋ, ಎಷ್ಟು ನೇರವೋ ಅಷ್ಟು ಒಳ್ಳೆಯದು. ಪ್ರತಿಯೊಂದು ತಿರುವೂ ಒತ್ತಡವನ್ನು ಕಬಳಿಸುತ್ತದೆ. ಪೈಪನ್ನು ಬೆಸುಗೆ ಹಾಕಿ ಮಾಡಿದ್ದರೆ ಒಳಗಿನ ಬೆಸುಗೆಯ ಗುಳ್ಳೆಗಳನ್ನು ಪೂರ್ತಿ ಕೆತ್ತಿ ತೆಗೆಯಬೇಕು. ಒಂದು ಗುಳ್ಳೆ ಕಳಚಿ ಸಿಲಿಂಡರಿಗೆ ಹೋದರೆ ಪಿಸ್ಟನ್ನಿನ ತಲೆಗೆ ಪೆಟ್ಟು. ಕೆಲಸದ ನಡುವೆ ಪೈಪಿನ ಬಾಯಿಗೆ ತುರುಕಿದ ಬಟ್ಟೆಯನ್ನು ಮರೆಯದೆ ತೆಗೆಯಬೇಕು.

ಮೂರನೆಯದು ಹೋಸ್ ಮತ್ತು ಕ್ಲಿಪ್ಪು. ಟರ್ಬೊದಿಂದ ಬರುವ ಗಾಳಿ ಕುದಿಯುವ ನೀರಿಗಿಂತ ಬಿಸಿ. ಅದರಲ್ಲಿ ಸ್ವಲ್ಪ ಎಣ್ಣೆಯ ಹನಿಯೂ ಇರುತ್ತದೆ. ರೇಡಿಯೇಟರಿನ ಮಾಮೂಲಿ ರಬ್ಬರ್ ಹೋಸನ್ನು ಇಲ್ಲಿ ಹಾಕಿದರೆ ಕೆಲವೇ ದಿನಗಳಲ್ಲಿ ಮೆತ್ತಗಾಗಿ ಒಡೆಯುತ್ತದೆ. ಶಾಖ ತಡೆಯುವ, ಒಳಗೆ ಎಣ್ಣೆ ತಡೆಯುವ ಪದರವಿರುವ ಸಿಲಿಕೋನ್ ಹೋಸನ್ನೇ ಬಳಸಬೇಕು.

ನಾಲ್ಕನೆಯದು ಕಂಪನ ಮತ್ತು ಹಿಗ್ಗುವಿಕೆ. ಅಲ್ಯೂಮಿನಿಯಮ್ ಒಂದು ಮೀಟರಿಗೆ, ಒಂದು ಡಿಗ್ರಿಗೆ, ಹತ್ತು ಲಕ್ಷದಲ್ಲಿ ಸುಮಾರು 23 ಭಾಗದಷ್ಟು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಕೊಳವೆ ನೂರು ಡಿಗ್ರಿ ಬಿಸಿಯಾದರೆ ಎರಡು ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಕೂಲರಿನ ನಾಲ್ಕೂ ಮೂಲೆಯನ್ನು ಕಬ್ಬಿಣಕ್ಕೆ ಬಿಗಿದುಬಿಟ್ಟರೆ ಈ ಎರಡು ಮಿಲಿಮೀಟರಿಗೆ ಜಾಗವಿಲ್ಲದೆ ಬೆಸುಗೆಯಲ್ಲಿ ಬಿರುಕು ಬಿಡುತ್ತದೆ. ಅದಕ್ಕಾಗಿಯೇ ರಬ್ಬರ್ ಬುಷ್ಷುಗಳು ಇರುವುದು.

ಐದನೆಯದು ಬೋಟಿನವರಿಗೆ ಸಂಬಂಧಿಸಿದ್ದು. ನೀರು ಕೂಲರಿನ ಕೆಳಗಿನಿಂದ ಒಳಬಂದು ಮೇಲಿನಿಂದ ಹೊರಹೋಗಬೇಕು. ಆಗ ಗಾಳಿಯ ಗುಳ್ಳೆಗಳು ಒಳಗೆ ಸಿಕ್ಕಿಕೊಳ್ಳುವುದಿಲ್ಲ. ನೀರೆತ್ತುವ ದಾರಿಯಲ್ಲಿ ಜಾಲರಿಯ ಸೋಸುಬುಟ್ಟಿ ಇರಲೇಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಇಂಟರ್‌ಕೂಲರ್ ಇಲ್ಲದೆ ತಯಾರಾದ ಎಂಜಿನ್ನಿಗೆ ಅದನ್ನು ಸೇರಿಸಿ, ಪಂಪಿನ ಸೀಲು ಒಡೆದು ಡೀಸೆಲ್ಲನ್ನೂ ಹೆಚ್ಚಿಸಿ ಬಲ ಪಡೆಯುವ ಆಸೆ ಹಲವರಿಗಿದೆ. ಆ ಎಂಜಿನ್ನಿನ ಬೇರಿಂಗು, ಪಿಸ್ಟನ್ನು, ಹೆಡ್ ಗ್ಯಾಸ್ಕೆಟ್ಟು ಯಾವುದೂ ಅಷ್ಟು ಒತ್ತಡಕ್ಕೆ ಮಾಡಿದವಲ್ಲ. ತಯಾರಕರು ಒಪ್ಪಿದ ಜೋಡಣೆಯನ್ನು ಬಿಟ್ಟು ಬೇರೆ ಸಾಹಸ ಬೇಡ.

ತಂಪು ಹೆಚ್ಚಾದರೆ ನೀರು

ಗಾಳಿ ತಂಪಾದಷ್ಟೂ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಒಣ ಪ್ರದೇಶದಲ್ಲಿ ಹೌದು. ಕರಾವಳಿಯಲ್ಲಿ ಅಲ್ಲ. ಕಾರಣ, ಇಲ್ಲಿಯ ಗಾಳಿಯಲ್ಲಿರುವ ತೇವ.

30 ಡಿಗ್ರಿ ಉಷ್ಣತೆ, ನೂರಕ್ಕೆ 85ರಷ್ಟು ಆರ್ದ್ರತೆ ಇರುವ ದಿನ ಪ್ರತಿ ಕಿಲೊಗ್ರಾಂ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಿನ ಆವಿ ಇರುತ್ತದೆ. ಇದನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸಿದಾಗ ಆವಿಯ ಒತ್ತಡವೂ ಇಮ್ಮಡಿಯಾಗುತ್ತದೆ. ಪರಿಣಾಮವಾಗಿ ಅದು ಹನಿಯಾಗುವ ಉಷ್ಣತೆ, ಅಂದರೆ ಇಬ್ಬನಿ ಬಿಂದು, 40 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ನಮ್ಮ ಕಡಲಿನ ನೀರಿನ ಉಷ್ಣತೆ ಸಾಮಾನ್ಯವಾಗಿ 28ರಿಂದ 30 ಡಿಗ್ರಿ. ಆ ನೀರಿನಿಂದ ಗಾಳಿಯನ್ನು 32 ಡಿಗ್ರಿಗೆ ಇಳಿಸಿದೆವು ಎನ್ನಿ. ಆಗ ಒತ್ತಿದ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ಆವಿ ಕಿಲೊಗ್ರಾಮಿಗೆ 15 ಗ್ರಾಂ ಮಾತ್ರ. ಉಳಿದ 8 ಗ್ರಾಂ ಹನಿಯಾಗಿ ಬೀಳಬೇಕು. ಗಂಟೆಗೆ 800 ಕಿಲೊಗ್ರಾಂ ಗಾಳಿಯನ್ನು ಸೇವಿಸುವ ಎಂಜಿನ್ನಿನಲ್ಲಿ, ಲೆಕ್ಕದ ಪ್ರಕಾರ, ಗಂಟೆಗೆ ಆರು ಲೀಟರಿಗೂ ಹೆಚ್ಚು ನೀರು. ಅರ್ಧ ಕೊಡ!

ಈ ನೀರು ಸಿಲಿಂಡರಿಗೆ ಹೋದರೆ ಎಣ್ಣೆಯ ಪದರವನ್ನು ತೊಳೆದುಹಾಕುತ್ತದೆ. ಉಂಗುರಗಳು ಸವೆಯುತ್ತವೆ, ತುಕ್ಕು ಹಿಡಿಯುತ್ತದೆ. ಆದ್ದರಿಂದ ಕೂಲರಿನ ಗಾಳಿಯ ಬದಿಯಲ್ಲಿ, ಎಲ್ಲಕ್ಕಿಂತ ತಗ್ಗಾದ ಜಾಗದಲ್ಲಿ ನೀರು ಬಸಿಯುವ ತೂತು ಅಥವಾ ನಲ್ಲಿ ಇರಬೇಕು. ಅದು ಎಣ್ಣೆಜಿಡ್ಡಿನಿಂದ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ದೊಡ್ಡ ಹಡಗುಗಳಲ್ಲಿ ಗಾಳಿ ಇಬ್ಬನಿ ಬಿಂದುವಿಗಿಂತ ಕೆಳಗೆ ಇಳಿಯದಂತೆ ಕೂಲರಿನ ನೀರಿನ ಹರಿವನ್ನೇ ಹತೋಟಿಯಲ್ಲಿಡುತ್ತಾರೆ.

ಉಪ್ಪುನೀರಿನ ಅಪಾಯ

ಇಬ್ಬನಿಯ ನೀರಿಗಿಂತ ಭಯಂಕರವಾದದ್ದು ಕಡಲ ನೀರು. ಕೂಲರಿನ ಒಂದು ಕೊಳವೆ ತೂತಾಯಿತು ಎನ್ನಿ. ಎಂಜಿನ್ ಓಡುತ್ತಿರುವಾಗ ಗಾಳಿಯ ಒತ್ತಡ ನೀರನ್ನು ತಡೆಹಿಡಿಯಲೂಬಹುದು. ಎಂಜಿನ್ ನಿಂತಾಗ ಆ ತಡೆ ಇಲ್ಲ. ಬೋಟು ನೀರಿನ ಮೇಲೆ ನಿಂತಿರುವಷ್ಟು ಹೊತ್ತು ಹನಿಹನಿಯಾಗಿ ಉಪ್ಪುನೀರು ಗಾಳಿಯ ಬದಿಗೆ ಸೇರಿ, ತೆರೆದಿರುವ ವಾಲ್ವಿನ ಮೂಲಕ ಸಿಲಿಂಡರಿಗೆ ಇಳಿಯುತ್ತದೆ. ಡೀಸೆಲ್ ಎಂಜಿನ್ನಿನ ಪಿಸ್ಟನ್ ಗಾಳಿಯನ್ನು ಸುಮಾರು ಹದಿನಾರು, ಹದಿನೇಳು ಪಟ್ಟು ಒತ್ತುವಂಥದು. ಗಾಳಿ ಒತ್ತಿಸಿಕೊಳ್ಳುತ್ತದೆ. ನೀರು ಒತ್ತಿಸಿಕೊಳ್ಳುವುದಿಲ್ಲ. ಬೆಳಗಿನ ಜಾವ ಸ್ಟಾರ್ಟ್ ಮಾಡಿದಾಗ ಪಿಸ್ಟನ್ ನೀರಿಗೆ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಇದು ಹಣದ ನಷ್ಟವಷ್ಟೇ ಅಲ್ಲ. ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ನದಿಗಳು ಕೂಡಿ ಪಂಚಗಂಗಾವಳಿಯಾಗಿ ಕಡಲನ್ನು ಸೇರುತ್ತವೆ. ಆ ಅಳಿವೆಬಾಗಿಲಿನಲ್ಲಿ ನದಿಯ ಸೆಳೆತ, ಕಡಲಿನ ಅಲೆ, ಮರಳಿನ ದಿಬ್ಬ ಮೂರೂ ಎದುರಾಗುತ್ತವೆ. ಅಳಿವೆಯನ್ನು ದಾಟುವ ಕೆಲವು ನಿಮಿಷಗಳಲ್ಲಿ ತಾಂಡೇಲನಿಗೆ ಎಂಜಿನ್ನಿನ ಪೂರ್ತಿ ಬಲ ಬೇಕು. ಆ ಹೊತ್ತಿನಲ್ಲಿ ಎಂಜಿನ್ ಸೊರಗಿದರೆ ಅಥವಾ ನಿಂತರೆ ಬೋಟು ಅಲೆಗೆ ಅಡ್ಡ ತಿರುಗುತ್ತದೆ. ಹಿಂದಿನ ಕಾಲದ ರಂಪಣಿ ಬಲೆಯನ್ನು ಹತ್ತಾರು ಜನ ದಡದಲ್ಲಿ ನಿಂತು ಕೈಯಿಂದ ಎಳೆಯುತ್ತಿದ್ದರು. ಅಲ್ಲಿ ಒಬ್ಬ ಸೋತರೆ ಇನ್ನೊಬ್ಬನಿದ್ದ. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಮೀನುಗಾರಿಕೆ ದಡದಿಂದ ದೂರ ಸರಿಯಿತು. ಅಲ್ಲಿ ಎಲ್ಲರ ಜೀವಕ್ಕೂ ಆಧಾರ ಒಂದೇ ಎಂಜಿನ್.

ಕೊಳವೆ ತೂತಾಗದಂತೆ ಕಾಯುವ ಕಾವಲುಗಾರನೊಬ್ಬನಿದ್ದಾನೆ. ಅವನೇ ಸತು. ತಾಮ್ರ, ಕಬ್ಬಿಣ ಮುಂತಾದ ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಟ್ಟಿಗೆ ಇದ್ದರೆ ಅದು ಒಂದು ವಿದ್ಯುತ್ಕೋಶವಾಗುತ್ತದೆ. ವಿದ್ಯುದ್ರಾಸಾಯನಿಕ ಶ್ರೇಣಿಯಲ್ಲಿ ತಾಮ್ರದ ವಿಭವ +0.34 ವೋಲ್ಟ್, ಸತುವಿನದು -0.76 ವೋಲ್ಟ್. ಆದ್ದರಿಂದ ಕೂಲರಿನಲ್ಲಿ ಒಂದು ಸತುವಿನ ತುಂಡನ್ನು ಇಟ್ಟರೆ, ಬೇರೆ ಲೋಹಗಳ ಬದಲು ಸತು ತಾನು ಕರಗುತ್ತದೆ. ಅರ್ಧ ಕರಗಿದ ಕೂಡಲೇ ಅದನ್ನು ಬದಲಿಸಬೇಕು. ಅದಕ್ಕೆ ಬಣ್ಣ ಬಳಿಯಬಾರದು. ಬಳಿದರೆ ಕಾವಲುಗಾರನ ಕಣ್ಣು ಕಟ್ಟಿದಂತೆ. ಸತು ಬಹಳ ದಿನ ಸ್ವಲ್ಪವೂ ಕರಗದೆ ಉಳಿದಿದ್ದರೆ ಸಂತೋಷಪಡಬೇಡಿ. ಅದಕ್ಕೂ ಕೂಲರಿಗೂ ಲೋಹದ ಸಂಪರ್ಕ ತಪ್ಪಿದೆಯೇ ಎಂದು ನೋಡಿ.

ಮಳೆಗಾಲದ ಎರಡು ತಿಂಗಳು

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನು ಮರಿ ಮಾಡುವ ಕಾಲ ಅದು. ಬೋಟಿನ ಎಂಜಿನ್ನಿಗೆ ಅದೇ ಚಿಕಿತ್ಸೆಯ ಕಾಲ.

ಮೊದಲು, ಬೋಟು ನಿಲ್ಲಿಸಿದ ದಿನವೇ ಕೂಲರಿನ ನೀರಿನ ಬದಿಯನ್ನು ಸಿಹಿನೀರಿನಿಂದ ತೊಳೆದು ಬಸಿಯಬೇಕು. ಉಪ್ಪುನೀರು ಎರಡು ತಿಂಗಳು ಒಳಗೇ ನಿಂತರೆ ಆಗುವ ಹಾನಿ, ಹರಿಯುವಾಗ ಆಗುವುದಕ್ಕಿಂತ ಹೆಚ್ಚು. ನಂತರ ಮುಚ್ಚಳ ತೆಗೆದು ಕೊಳವೆಗಳನ್ನು ನೋಡಬೇಕು. ಮರಳು, ಚಿಪ್ಪು, ಪಾಚಿ ಸೇರಿರುತ್ತವೆ. ಅವನ್ನು ಮೃದುವಾದ ನೈಲಾನ್ ಬ್ರಷ್ಷಿನಿಂದ ತೆಗೆಯಬೇಕು. ಕಬ್ಬಿಣದ ಸರಳು ತೂರಿಸಿದರೆ ಕೊಳವೆಯ ಒಳಗಿನ ರಕ್ಷಣೆಯ ಪದರವೇ ಕಿತ್ತುಹೋಗುತ್ತದೆ.

ಗಾಳಿಯ ಬದಿಯ ಕೊಳೆ ಬೇರೆ ಬಗೆಯದು. ಅಲ್ಲಿ ಎಣ್ಣೆಯ ಜಿಡ್ಡು, ಮಸಿ, ಧೂಳು ಸೇರಿ ಅಂಟಾಗಿರುತ್ತವೆ. ಜಿಡ್ಡು ತೆಗೆಯುವ ಸೌಮ್ಯ ದ್ರಾವಣದಲ್ಲಿ ನೆನೆಸಿ, ತೊಳೆದು, ಪೂರ್ತಿ ಒಣಗಿಸಬೇಕು. ಅಲ್ಯೂಮಿನಿಯಮ್ಮಿನ ಕೂಲರಿಗೆ ಕಾಸ್ಟಿಕ್ ಸೋಡ ಹಾಕಲೇಬಾರದು. ರಸಾಯನಶಾಸ್ತ್ರ ಓದಿದವರಿಗೆ ಗೊತ್ತು, ಅದು ಅಲ್ಯೂಮಿನಿಯಮ್ಮನ್ನೇ ಕರಗಿಸಿ ಹೈಡ್ರೊಜನ್ ಅನಿಲವನ್ನು ಬಿಡುತ್ತದೆ. ಲಾರಿಯ ಕೂಲರಿನ ಹೊರಮೈಗೆ ಕೀಟ, ಹುಲ್ಲು, ಮಣ್ಣು ಅಂಟುತ್ತದೆ. ಮರವಂತೆಯಂಥ ಕಡೆ ಅಲೆಯ ತುಂತುರಿನ ಉಪ್ಪೂ ಸೇರುತ್ತದೆ. ಎಂಜಿನ್ನಿನ ಕಡೆಯಿಂದ ಹೊರಮುಖವಾಗಿ ಸಾದಾ ನೀರು ಹರಿಸಿ ತೊಳೆಯಬೇಕು. ಅತಿ ಜೋರಿನ ನೀರು ರೆಕ್ಕೆಗಳನ್ನು ಮಲಗಿಸಿಬಿಡುತ್ತದೆ.

ಟರ್ಬೊ ಒಡೆದು ಹೊಸದನ್ನು ಹಾಕಿದಾಗ ಕೂಲರನ್ನು ಹಾಗೆಯೇ ಬಿಡುವುದು ದೊಡ್ಡ ತಪ್ಪು. ಹಳೆಯ ಟರ್ಬೊದ ಲೋಹದ ಚೂರುಗಳೂ ಅದು ಕಾರಿದ ಎಣ್ಣೆಯೂ ಕೂಲರಿನಲ್ಲಿ ಉಳಿದಿರುತ್ತವೆ. ಆ ಎಣ್ಣೆ ಒಮ್ಮೆಗೇ ಸಿಲಿಂಡರಿಗೆ ಹೋದರೆ ಎಂಜಿನ್ ಅದನ್ನೇ ಇಂಧನವಾಗಿ ಉರಿಸಿ ಹುಚ್ಚು ವೇಗಕ್ಕೆ ಏರುತ್ತದೆ. ಡೀಸೆಲ್ ನಿಲ್ಲಿಸಿದರೂ ನಿಲ್ಲುವುದಿಲ್ಲ. ಪೂರ್ತಿ ಶುಚಿ ಮಾಡಬೇಕು, ಚೂರುಗಳು ಹೊಕ್ಕಿದ್ದರೆ ಕೂಲರನ್ನೇ ಬದಲಿಸಬೇಕು.

ಕೊನೆಗೆ ಸೋರಿಕೆಯ ಪರೀಕ್ಷೆ. ಎರಡೂ ಬಾಯಿ ಮುಚ್ಚಿ, ಗಾಳಿ ತುಂಬಿ, ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುವುದನ್ನು ನೋಡುತ್ತಾರೆ. ಲಾರಿಯ ಕೂಲರಿಗೆ ಚದರ ಅಂಗುಲಕ್ಕೆ 30 ಪೌಂಡ್ ಒತ್ತಡ ಕೊಟ್ಟು, ಹದಿನೈದು ಸೆಕೆಂಡುಗಳಲ್ಲಿ 5 ಪೌಂಡಿಗಿಂತ ಹೆಚ್ಚು ಇಳಿಯಬಾರದು ಎಂದು ಕೆಲವು ತಯಾರಕರು ಹೇಳುತ್ತಾರೆ. ನಿಮ್ಮ ಎಂಜಿನ್ನಿನ ಕೈಪಿಡಿಯಲ್ಲಿರುವ ಅಂಕಿಯೇ ಅಂತಿಮ. ಬಿರಡೆಗಳನ್ನು ಸರಪಳಿಯಿಂದ ಕಟ್ಟಿರಬೇಕು. ಎದುರಿಗೆ ಯಾರೂ ನಿಲ್ಲಬಾರದು. ಒತ್ತಡದಿಂದ ಚಿಮ್ಮಿದ ಬಿರಡೆ ಕವಣೆಯ ಕಲ್ಲಿಗಿಂತ ಅಪಾಯಕಾರಿ.

ರೋಗಲಕ್ಷಣಗಳು

ವೈದ್ಯರಂತೆ ಮೆಕ್ಯಾನಿಕ್ಕೂ ಲಕ್ಷಣ ನೋಡಿ ರೋಗ ಹೇಳಬಲ್ಲ. ಏರಿನಲ್ಲಿ ಕಪ್ಪು ಹೊಗೆ, ಎಳೆತ ಕಡಿಮೆ, ಡೀಸೆಲ್ ಖರ್ಚು ಹೆಚ್ಚು, ಜೊತೆಗೆ ‘ಸುಂಯ್’ ಎಂಬ ಸದ್ದು ಇದ್ದರೆ ಹೋಸ್ ಸೋರುತ್ತಿದೆ. ಸದ್ದಿಲ್ಲದೆ ಇವೆಲ್ಲ ಇದ್ದರೆ ಕೂಲರ್ ಕಟ್ಟಿಕೊಂಡಿರಬಹುದು. ಕೂಲರಿನ ಮೊದಲೂ ನಂತರವೂ ಒತ್ತಡ ಅಳೆಯಿರಿ. ವ್ಯತ್ಯಾಸ ಮೊದಲಿಗಿಂತ ಹೆಚ್ಚಾಗಿದ್ದರೆ ಗಾಳಿಯ ಹಾದಿ ಕೊಳೆಯಾಗಿದೆ. ಒತ್ತಡ ಸರಿಯಿದ್ದು ಹೊರಬರುವ ಗಾಳಿ ಮಾತ್ರ ಬಿಸಿಯಾಗಿದ್ದರೆ ನೀರಿನ ಬದಿಯನ್ನು ಅಥವಾ ಹೊರಮೈಯನ್ನು ನೋಡಬೇಕು. ಹೊಸದಾಗಿದ್ದಾಗಿನ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟವನಿಗೆ ಈ ಹೋಲಿಕೆ ಸಾಧ್ಯ. ಬರೆಯದವನಿಗೆ ಊಹೆಯೇ ಗತಿ.

ಕೂಲರಿನ ಬಸಿಯುವ ನಲ್ಲಿಯಿಂದ ನೀರು ಬಂದಾಗ ಅದು ಇಬ್ಬನಿಯದೋ ಕಡಲಿನದೋ ತಿಳಿಯುವುದು ಹೇಗೆ? ಇಲ್ಲಿ ನಿಮ್ಮ ಕಾಲೇಜಿನ ಪ್ರಯೋಗಶಾಲೆ ಸಹಾಯಕ್ಕೆ ಬರುತ್ತದೆ. ಆ ನೀರಿಗೆ ಸಿಲ್ವರ್ ನೈಟ್ರೇಟ್ ದ್ರಾವಣದ ಒಂದೆರಡು ಹನಿ ಹಾಕಿ. ಮೊಸರಿನಂತೆ ದಟ್ಟವಾದ ಬಿಳಿ ಒತ್ತರ ಬಂದರೆ ಅದು ಕಡಲ ನೀರು, ಕೊಳವೆ ಸೋರುತ್ತಿದೆ. ಸ್ವಲ್ಪ ಮಬ್ಬಾದರೆ ಅದು ಗಾಳಿಯಲ್ಲಿರುವ ಉಪ್ಪಿನದಿರಬಹುದು. ಪ್ರಯೋಗಶಾಲೆ ಇಲ್ಲದಿದ್ದರೆ ಒಂದು ಬಟ್ಟಲು ನೀರನ್ನು ಕಾಯಿಸಿ ಆರಿಸಿ. ಕಡಲ ನೀರಾದರೆ ತಳದಲ್ಲಿ ಉಪ್ಪು ಉಳಿಯುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುವುದರಿಂದ ಈ ಪರೀಕ್ಷೆ ತಪ್ಪುವುದು ಕಡಿಮೆ. ಸೋರಿಕೆ ಖಚಿತವಾದರೆ ಎಂಜಿನ್ ಸ್ಟಾರ್ಟ್ ಮಾಡಬಾರದು. ತೂತಾದ ಒಂದೆರಡು ಕೊಳವೆಗಳ ಎರಡೂ ತುದಿಗೆ ಬಿರಡೆ ಬಡಿದು ತಾತ್ಕಾಲಿಕವಾಗಿ ಉಳಿಸಿಕೊಳ್ಳಬಹುದು. ಹೆಚ್ಚು ಕೊಳವೆಗಳು ಹೋಗಿದ್ದರೆ ಕಟ್ಟನ್ನೇ ಬದಲಿಸಬೇಕು.

ವಿದ್ಯಾರ್ಥಿ ಮಿತ್ರರೇ, ಬಾಯ್ಲ್, ಚಾರ್ಲ್ಸ್ ಅವರ ನಿಯಮಗಳು, ಇಬ್ಬನಿ ಬಿಂದು, ವಿದ್ಯುದ್ರಾಸಾಯನಿಕ ಶ್ರೇಣಿ, ಲೋಹಗಳ ಹಿಗ್ಗುವಿಕೆ, ಕ್ಲೋರೈಡಿನ ಪರೀಕ್ಷೆ, ಇವೆಲ್ಲವನ್ನೂ ನೀವು ಪರೀಕ್ಷೆಗೆಂದು ಓದುತ್ತೀರಿ. ಗಂಗೊಳ್ಳಿಯ ಬೋಟಿನ ಎಂಜಿನ್ ಕೋಣೆಯಲ್ಲಿ ಅವೆಲ್ಲವೂ ಒಂದೇ ಪೆಟ್ಟಿಗೆಯೊಳಗೆ ಕೂತಿವೆ. ಈ ವಿಷಯದಲ್ಲಿ ಆಸಕ್ತಿಯಿರುವವರಿಗೆ ದಾರಿಗಳೂ ಇವೆ. ಐ.ಟಿ.ಐ.ಗಳಲ್ಲಿ ಡೀಸೆಲ್ ಮೆಕ್ಯಾನಿಕ್ ತರಬೇತಿ ಇದೆ. ಕೊಚ್ಚಿಯಲ್ಲಿರುವ ಕೇಂದ್ರ ಸರ್ಕಾರದ ಸಿಫ್‌ನೆಟ್ ಸಂಸ್ಥೆ ಮೀನುಗಾರಿಕೆಯ ನೌಕೆಗಳಿಗೆ ಬೇಕಾದ ಮೆರೈನ್ ಫಿಟ್ಟರ್ ತರಬೇತಿ ನೀಡುತ್ತದೆ. ಮುಂದೆ ಓದಬಯಸುವವರಿಗೆ ಡಿಪ್ಲೊಮಾ, ಎಂಜಿನಿಯರಿಂಗ್ ಇದ್ದೇ ಇವೆ.

ನಿಮ್ಮ ತಂದೆಯೋ ಅಣ್ಣನೋ ಬೋಟಿನಲ್ಲಿ ದುಡಿಯುವವರಾದರೆ, ಲಾರಿ ಓಡಿಸುವವರಾದರೆ, ಈ ಮಳೆಗಾಲ ಅವರೊಂದಿಗೆ ಕುಳಿತು ಕೂಲರಿನ ಸತುವನ್ನು ಯಾವಾಗ ಬದಲಿಸಿದ್ದು, ನಲ್ಲಿ ಮುಚ್ಚಿಹೋಗಿದೆಯೇ, ಹೋಸ್ ಹಳತಾಗಿದೆಯೇ ಎಂದು ಕೇಳಿ. ಅವರ ಅನುಭವದಿಂದ ನೀವು ಕಲಿಯುವುದು ಬಹಳ ಇದೆ; ನಿಮ್ಮ ಪಾಠದಿಂದ ಅವರಿಗೆ ಉಪಯೋಗವಾಗುವುದೂ ಇದೆ. ಆಗಸ್ಟ್ ತಿಂಗಳಲ್ಲಿ ಬೋಟುಗಳು ಮತ್ತೆ ಅಳಿವೆಯನ್ನು ದಾಟುವಾಗ ಆ ಮಾತುಕತೆಯ ಬೆಲೆ ತಿಳಿಯುತ್ತದೆ.